‘ಎ’, ‘ದಿ’ಗಳಿಗೆ ಕನ್ನಡದ ದಾರಿ

ಕೃಷ್ಣಾ ತೀರದ ಅಕಿವಾಟದಂತಹ ಗಡಿಗ್ರಾಮಗಳ ಕನ್ನಡ ಮಕ್ಕಳಿಗೆ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಪರೀಕ್ಷೆಯಲ್ಲಿ ಇಂಗ್ಲಿಷ್. ಈ ಮೂರನೆಯದರಲ್ಲಿ ಅವರು ಹೆಚ್ಚಾಗಿ ಎಡವುವುದು ‘ಎ’, ‘ಆ್ಯನ್’, ‘ದಿ’ ಎಂಬ ಪುಟ್ಟ ಉಪಪದಗಳಲ್ಲಿ. ಇವುಗಳಿಗೆ ಸರಿಸಾಟಿಯಾದ ಪದಗಳು ಕನ್ನಡದಲ್ಲಿಯೂ ಇಲ್ಲ, ಮರಾಠಿಯಲ್ಲಿಯೂ ಇಲ್ಲ. ಆದರೆ ಅವುಗಳ ಅರ್ಥ ನಮ್ಮ ನುಡಿಗೆ ಹೊಸತೇನೂ ಅಲ್ಲ.

‘ಅಪ್ಪ ಹೊಲ ಕೊಂಡರು’ ಎಂದರೆ ಯಾವುದೋ ಒಂದು ಹೊಲ. ‘ಅಪ್ಪ ಹೊಲವನ್ನು ಕೊಂಡರು’ ಎಂದರೆ ಸಾಮಾನ್ಯವಾಗಿ ಮೊದಲೇ ಮಾತಿಗೆ ಬಂದಿದ್ದ ಹೊಲ. ಮೊದಲನೆಯದು ‘ಎ ಫೀಲ್ಡ್’, ಎರಡನೆಯದು ‘ದಿ ಫೀಲ್ಡ್’. ಇಂಗ್ಲಿಷ್ ಉಪಪದದಿಂದ ಸೂಚಿಸುವುದನ್ನು ಇಲ್ಲಿ ಕನ್ನಡವು ದ್ವಿತೀಯಾ ವಿಭಕ್ತಿಯಿಂದ ಸೂಚಿಸುತ್ತದೆ.

ಈ ಭೇದವು ಕೇವಲ ಅಂಕಗಳ ಪ್ರಶ್ನೆಯಲ್ಲ. ಜಮೀನಿನ ಕಾಗದದಲ್ಲಿ ‘ಆ್ಯನ್ ಏರ್’ ಎಂದರೆ ವಾರಸುದಾರರಲ್ಲಿ ಒಬ್ಬ. ‘ದಿ ಏರ್’ ಎಂದರೆ ವಾರಸುದಾರ ಅವನೊಬ್ಬನೇ ಎಂಬ ಅರ್ಥ ಬರುತ್ತದೆ. ಅಣ್ಣತಮ್ಮಂದಿರ ಪಾಲು ಇಂತಹ ಒಂದು ಪದದ ಮೇಲೆ ನಿಂತೀತು.

‘ಏರ್’ ಪದದ ಬರವಣಿಗೆ ‘ಹೆಚ್’ ಅಕ್ಷರದಿಂದ ಆರಂಭವಾದರೂ ಅದರ ಉಚ್ಚಾರಣೆ ಸ್ವರದಿಂದಲೇ ಆರಂಭವಾಗುತ್ತದೆ, ಆದುದರಿಂದಲೇ ‘ಆ್ಯನ್’. ನೋಡಬೇಕಾದುದು ಅಕ್ಷರವನ್ನಲ್ಲ, ಧ್ವನಿಯನ್ನು. ನಾವು ದಿನವೂ ಹತ್ತುವ ಎಸ್.ಟಿ. ಬಸ್ಸು ‘ಆ್ಯನ್ ಎಸ್.ಟಿ. ಬಸ್’, ಕೊಲ್ಲಾಪುರದ ವಿದ್ಯಾಪೀಠವಾದರೋ ‘ಎ ಯೂನಿವರ್ಸಿಟಿ’, ಏಕೆಂದರೆ ಅಲ್ಲಿ ಮೊದಲು ಕೇಳುವುದು ಯಕಾರ. ಊರಿನ ಹೆಸರಿಗೆ ಉಪಪದ ಬೇಡ, ನದಿಯ ಹೆಸರಿಗೆ ಬೇಕು: ‘ಕೊಲ್ಲಾಪುರ’, ಆದರೆ ‘ದಿ ಪಂಚಗಂಗಾ’.

ನಾಮಪದದ ರೂಪದಲ್ಲಿಯೂ ಇಂತಹ ಸೂಕ್ಷ್ಮಗಳುಂಟು. ನಾವು ‘ನಾಲ್ಕು ಎಕರೆ’ ಎನ್ನುತ್ತೇವೆ. ಸಂಖ್ಯೆಯೇ ಬಹುತ್ವವನ್ನು ಹೇಳುವುದರಿಂದ ‘ಗಳು’ ಬೇಕಾಗದು. ಇಂಗ್ಲಿಷಿನಲ್ಲಿ ‘ಫೋರ್ ಏಕರ್ಸ್’ ಎನ್ನಲೇಬೇಕು. ಆದರೆ ಅದೇ ಮಾತು ಹೊಲಕ್ಕೆ ವಿಶೇಷಣವಾದಾಗ ‘ಎ ಫೋರ್-ಏಕರ್ ಫೀಲ್ಡ್’ ಎಂದು ಏಕವಚನಕ್ಕೆ ಮರಳಿ, ನಮ್ಮ ‘ನಾಲ್ಕು ಎಕರೆ ಹೊಲ’ದಂತೆಯೇ ಆಗುತ್ತದೆ. ಇನ್ನು ‘ಮಾಹಿತಿಗಳು’ ಎಂಬುದನ್ನು ನೆನೆದು ‘ಇನ್‌ಫರ್ಮೇಶನ್ಸ್’ ಎಂದು ಬರೆಯುವುದು ತಪ್ಪು. ಇಂಗ್ಲಿಷ್ ಆ ಪದವನ್ನು ನೀರು, ಹಿಟ್ಟುಗಳಂತೆ ಎಣಿಸದ ವಸ್ತುವೆಂದೇ ಬಗೆಯುತ್ತದೆ.

ಆದುದರಿಂದ ಶಿಕ್ಷಕರು ಉಪಪದದ ನಿಯಮಗಳನ್ನು ಬಾಯಿಪಾಠ ಮಾಡಿಸುವ ಮೊದಲು ಕನ್ನಡ ವಾಕ್ಯವನ್ನು ಹೇಳಿಸಿ, ‘ಯಾವುದೋ ಒಂದೇ, ಗೊತ್ತಿರುವುದೇ? ಎಣಿಸಬಹುದೇ?’ ಎಂದು ಕೇಳಲಿ. ಉತ್ತರವು ಮಕ್ಕಳ ಬಳಿಯಲ್ಲಿಯೇ ಇರುತ್ತದೆ. ಗಡಿನಾಡಿನಲ್ಲಿ ಕನ್ನಡವು ಇಂಗ್ಲಿಷಿಗೆ ಅಡ್ಡಿಯೆಂದು ನಂಬಿ ಮಕ್ಕಳನ್ನು ಕನ್ನಡ ಶಾಲೆಯಿಂದ ಬಿಡಿಸುವ ಪಾಲಕರು ಇದನ್ನು ಒಮ್ಮೆ ಪರೀಕ್ಷಿಸಿ ನೋಡಬೇಕು.