ವಿಮಾನಯಾನ, ಶೇಂಗಾ ಅಲರ್ಜಿ ಮತ್ತು ಪೊಟ್ಟಣದ ಮೇಲಿನ ಒಂದು ಸಾಲು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಹಾಗೂ ಹರಪನಹಳ್ಳಿ ತಾಲ್ಲೂಕುಗಳ ವ್ಯಾಪಾರದಲ್ಲಿ ಶೇಂಗಾಕ್ಕಿರುವ ಸ್ಥಾನವನ್ನು ವರ್ತಕ ಬಾಂಧವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಮಳೆಯನ್ನೇ ನಂಬಿದ ಹೊಲಗಳಲ್ಲಿ ಬೆಳೆದ ಕಾಯಿ ಮಾರುಕಟ್ಟೆಗೆ ಬಂದು, ಅಲ್ಲಿಂದ ಎಣ್ಣೆ ಗಿರಣಿಗಳಿಗೆ, ಚಿಕ್ಕಿ ಹಾಗೂ ಖಾರದ ತಿನಿಸು ತಯಾರಕರಿಗೆ, ಚಟ್ನಿಪುಡಿಯ ಗೃಹೋದ್ಯಮಗಳಿಗೆ ತಲುಪುತ್ತದೆ. ನಮಗೆ ಬಡವರ ಬಾದಾಮಿಯಾದ ಈ ಕಾಳು ಕೆಲವರ ಪಾಲಿಗೆ ಪ್ರಾಣಕ್ಕೆ ಎರವಾಗಬಲ್ಲದು. ಅದರಲ್ಲಿಯೂ ಆಸ್ಪತ್ರೆಯ ನೆರವು ದೊರೆಯದ ಆಕಾಶಮಾರ್ಗದಲ್ಲಿ ಈ ಅಪಾಯ ಇನ್ನಷ್ಟು ಹೆಚ್ಚು. ವ್ಯಾಪಾರ, ಓದು, ಉದ್ಯೋಗಗಳಿಗಾಗಿ ನಮ್ಮ ಭಾಗದವರು ಹುಬ್ಬಳ್ಳಿ, ಬೆಂಗಳೂರುಗಳಿಂದ ವಿಮಾನವೇರುವುದು ಸಾಮಾನ್ಯವಾಗಿರುವ ಇಂದು, ಪ್ರಯಾಣಿಕರಾಗಿಯೂ ತಯಾರಕರಾಗಿಯೂ ನಾವು ಈ ವಿಷಯವನ್ನು ಅರಿತಿರುವುದು ಅವಶ್ಯಕ.

ಅಲರ್ಜಿಯ ಸ್ವರೂಪ

ಶೇಂಗಾದಲ್ಲಿರುವ ಪ್ರೋಟೀನನ್ನು ಶರೀರದ ರೋಗನಿರೋಧಕ ವ್ಯವಸ್ಥೆಯು ಶತ್ರುವೆಂದು ಭಾವಿಸಿ ಅದರ ಮೇಲೆ ಎರಗುವುದೇ ಈ ಅಲರ್ಜಿ. ತುರಿಕೆ, ದದ್ದು, ತುಟಿ ಮತ್ತು ನಾಲಗೆಯ ಊತ, ವಾಂತಿ, ಉಬ್ಬಸ, ರಕ್ತದೊತ್ತಡದ ಕುಸಿತ ಇವು ಅದರ ಲಕ್ಷಣಗಳು. ತೀವ್ರ ಸ್ವರೂಪದ ಪ್ರತಿಕ್ರಿಯೆಯನ್ನು ವೈದ್ಯರು ‘ಅನಾಫಿಲಾಕ್ಸಿಸ್’ ಎನ್ನುತ್ತಾರೆ. ಇದು ಕೆಲವೇ ನಿಮಿಷಗಳಲ್ಲಿ ಉಲ್ಬಣಿಸಬಹುದು. ಅತ್ಯಲ್ಪ ಪ್ರಮಾಣದ ಶೇಂಗಾ ಸಹ ಇದಕ್ಕೆ ಸಾಕಾಗಬಹುದು.

ಒಂದು ಸಾವು, ಒಂದು ಕಾನೂನು

2016ರ ಜುಲೈ ತಿಂಗಳಿನಲ್ಲಿ ನತಾಶಾ ಎಡ್ನಾನ್-ಲಪೆರೂಸ್ ಎಂಬ 15 ವರ್ಷದ ಬಾಲಕಿ ಲಂಡನ್ನಿನ ಹೀಥ್ರೂ ನಿಲ್ದಾಣದಲ್ಲಿ ಬ್ರೆಡ್ಡಿನ ತಿನಿಸೊಂದನ್ನು ಕೊಂಡು ತಿಂದು, ಫ್ರಾನ್ಸಿನ ನೀಸ್ ನಗರಕ್ಕೆ ವಿಮಾನವೇರಿದಳು. ಆಕೆಗೆ ಒಗ್ಗದಿದ್ದುದು ಎಳ್ಳು. ಆ ಎಳ್ಳು ಹಿಟ್ಟಿನೊಳಗೇ ಬೆರೆತು ಬೆಂದಿದ್ದರಿಂದ ಕಣ್ಣಿಗೆ ಕಾಣಲಿಲ್ಲ. ಹೊದಿಕೆಯ ಮೇಲೂ ಅದರ ಉಲ್ಲೇಖವಿರಲಿಲ್ಲ. ಹಾರಾಟದ ನಡುವೆ ತಂದೆ ಎರಡು ಬಾರಿ ಅಡ್ರಿನಲಿನ್ ಚುಚ್ಚುಮದ್ದು ನೀಡಿದರೂ ಬಾಲಕಿ ಬದುಕುಳಿಯಲಿಲ್ಲ. ಅಂಗಡಿಯಲ್ಲಿಯೇ ತಯಾರಿಸಿ ಕಟ್ಟಿಟ್ಟ ತಿನಿಸಿನ ಪ್ರತಿ ಪೊಟ್ಟಣಕ್ಕೂ ಪದಾರ್ಥಗಳ ಪಟ್ಟಿ ಇರಬೇಕೆಂಬ ನಿಯಮ ಆಗ ಬ್ರಿಟನ್ನಿನಲ್ಲಿ ಇರಲಿಲ್ಲ. 2021ರ ಅಕ್ಟೋಬರ್ 1ರಿಂದ ‘ನತಾಶಾ ಕಾನೂನು’ ಅದನ್ನು ಕಡ್ಡಾಯಗೊಳಿಸಿತು.

ಇಲ್ಲಿ ಒಗ್ಗದ ಪದಾರ್ಥ ಎಳ್ಳೇ ಆಗಿದ್ದರೂ ಪಾಠ ಶೇಂಗಾಕ್ಕೂ ಅನ್ವಯಿಸುತ್ತದೆ. ಅಪಾಯ ಹುಟ್ಟಿದ್ದು ವಿಮಾನದಲ್ಲಲ್ಲ, ಹೊದಿಕೆಯ ಮೇಲೆ ಬರೆಯದೆ ಬಿಟ್ಟ ಒಂದು ಸಾಲಿನಲ್ಲಿ.

ಪ್ರಯಾಣಿಕರು ಗಮನಿಸಬೇಕಾದ ಅಂಶಗಳು

1. ಟಿಕೆಟ್ ಕಾಯ್ದಿರಿಸುವಾಗಲೇ ವಿಮಾನ ಸಂಸ್ಥೆಗೆ ವಿಷಯ ತಿಳಿಸಬೇಕು. ವಿಮಾನವೇರಿದ ಮೇಲೆ ಸಿಬ್ಬಂದಿಗೆ ಮತ್ತೊಮ್ಮೆ ತಿಳಿಸಬೇಕು. ಅಮೆರಿಕದ ಸೌತ್‌ವೆಸ್ಟ್ ಸಂಸ್ಥೆಯು 2018ರ ಆಗಸ್ಟ್ 1ರಿಂದ ಶೇಂಗಾ ವಿತರಣೆಯನ್ನು ನಿಲ್ಲಿಸಿತು. ಆದರೆ ಸಂಸ್ಥೆ ಹಂಚದಿದ್ದರೂ ಸಹಪ್ರಯಾಣಿಕರು ತಂದಿರಬಹುದೆಂಬುದನ್ನು ಮರೆಯಬಾರದು.

2. ವೈದ್ಯರು ಸೂಚಿಸಿದ ಅಡ್ರಿನಲಿನ್ ಔಷಧಿಯ ಎರಡು ಡೋಸ್‌ಗಳು ಹಾಗೂ ವೈದ್ಯರ ಪತ್ರ ಕೈಚೀಲದಲ್ಲಿಯೇ ಇರಬೇಕು. ಲಗೇಜಿಗೆ ಹಾಕಿದ ಔಷಧಿ ಆಕಾಶದಲ್ಲಿ ಕೈಗೆ ಸಿಗದು. ತಾನಾಗಿ ಚುಚ್ಚುವ ಪೆನ್ನಿನಂತಹ ಸಾಧನ ನಮ್ಮ ಊರುಗಳ ಔಷಧಿ ಅಂಗಡಿಗಳಲ್ಲಿ ಸುಲಭವಾಗಿ ದೊರೆಯುವಂಥದ್ದಲ್ಲ; ಆದುದರಿಂದ ಪ್ರಯಾಣಕ್ಕೆ ಸಾಕಷ್ಟು ಮೊದಲೇ ವೈದ್ಯರನ್ನು ಕಂಡು ವ್ಯವಸ್ಥೆ ಮಾಡಿಕೊಳ್ಳುವುದು ಕ್ಷೇಮ.

3. ಮನೆಯ ಬುತ್ತಿಯೇ ಉತ್ತಮ. ‘ಸಸ್ಯಾಹಾರ’, ‘ಜೈನ ಊಟ’ ಎಂಬ ಹೆಸರುಗಳಿಗೆ ‘ಶೇಂಗಾ ಇಲ್ಲ’ ಎಂಬ ಅರ್ಥವಿಲ್ಲ. ಚಿತ್ರಾನ್ನ, ಪುಳಿಯೋಗರೆ, ಅವಲಕ್ಕಿಗಳಲ್ಲಿ ಶೇಂಗಾ ಇರುವುದು ವಾಡಿಕೆ.

4. ಆಸನ, ಅದರ ತೋಳು ಮತ್ತು ಊಟದ ಹಲಗೆಯನ್ನು ಒದ್ದೆ ಕಾಗದದಿಂದ ಒರೆಸಿಕೊಳ್ಳಬೇಕು. ಶೇಂಗಾದ ಅಂಶ ಗಾಳಿಯಲ್ಲಿ ವಿಮಾನದುದ್ದಕ್ಕೂ ಹರಡುತ್ತದೆಂಬ ಭಯಕ್ಕೆ ಬಲವಾದ ಆಧಾರವಿಲ್ಲವೆಂದೂ, ಕೈ ತಾಗುವ ಜಾಗಗಳಲ್ಲಿ ಉಳಿದ ಅಂಶವೇ ಹೆಚ್ಚಿನ ಕಾಳಜಿಯ ವಿಷಯವೆಂದೂ ಬ್ರಿಟನ್ನಿನ ನಾಗರಿಕ ವಿಮಾನಯಾನ ಪ್ರಾಧಿಕಾರಕ್ಕಾಗಿ ನಡೆದು 2024ರಲ್ಲಿ ಪ್ರಕಟವಾದ ಪರಾಮರ್ಶೆ ತಿಳಿಸಿದೆ.

5. ತೀವ್ರ ಲಕ್ಷಣ ಕಂಡ ಕೂಡಲೇ ತೊಡೆಯ ಹೊರಭಾಗಕ್ಕೆ ಅಡ್ರಿನಲಿನ್ ನೀಡಿ, ಸಿಬ್ಬಂದಿಯನ್ನು ಕರೆದು, ರೋಗಿಯನ್ನು ಮಲಗಿಸಿ ಕಾಲುಗಳನ್ನು ಎತ್ತರಿಸಬೇಕು. ಉಸಿರಾಟ ಕಷ್ಟವಾದರೆ ಕುಳ್ಳಿರಿಸಬಹುದು, ಎಬ್ಬಿಸಿ ನಡೆಸಬಾರದು. ತುರಿಕೆಯ ಮಾತ್ರೆ ಅಡ್ರಿನಲಿನ್‌ಗೆ ಬದಲಿಯಲ್ಲ. ಐದು ನಿಮಿಷಗಳಲ್ಲಿ ಗುಣ ಕಾಣದಿದ್ದರೆ ಎರಡನೆಯ ಡೋಸ್ ಅವಶ್ಯಕ.

ಅಲರ್ಜಿ ಇಲ್ಲದ ನಮ್ಮಂಥವರಿಗೂ ಒಂದು ಕರ್ತವ್ಯವುಂಟು. ಸಿಬ್ಬಂದಿ ಮನವಿ ಮಾಡಿದಾಗ ನಮ್ಮ ಶೇಂಗಾ ಹೋಳಿಗೆಯ ಗಂಟನ್ನು ಬಿಚ್ಚದೆ ಊರು ತಲುಪುವವರೆಗೆ ತಾಳುವುದು ದೊಡ್ಡ ತ್ಯಾಗವೇನಲ್ಲ.

ತಯಾರಕರ ಹೊಣೆ

ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2020ರ ಲೇಬಲಿಂಗ್ ನಿಯಮಾವಳಿಯಂತೆ ಗ್ಲುಟೆನ್ ಉಳ್ಳ ಧಾನ್ಯ, ಹಾಲು, ಮೊಟ್ಟೆ, ಮೀನು, ಸೋಯಾ ಮೊದಲಾದವುಗಳೊಂದಿಗೆ ಶೇಂಗಾ ಹಾಗೂ ಅದರ ಉತ್ಪನ್ನಗಳನ್ನೂ ಪೊಟ್ಟಣದ ಮೇಲೆ ‘ಒಳಗೊಂಡಿದೆ’ ಎಂದು ಪ್ರತ್ಯೇಕವಾಗಿ ಘೋಷಿಸಬೇಕು. ತಯಾರಿಕೆಯ ವೇಳೆ ಅಕಸ್ಮಾತ್ತಾಗಿ ಬೆರೆಯುವ ಸಂಭವವಿದ್ದಲ್ಲಿ ‘ಒಳಗೊಂಡಿರಬಹುದು’ ಎಂದು ನಮೂದಿಸಲು ಅವಕಾಶವಿದೆ. ಶೇಂಗಾ ಚಟ್ನಿಪುಡಿ ಕುಟ್ಟಿದ ಯಂತ್ರದಲ್ಲಿಯೇ ಅಗಸೆ ಚಟ್ನಿಪುಡಿ ಕುಟ್ಟುವವರು, ಶೇಂಗಾ ಹುರಿದ ಬಾಣಲೆಯಲ್ಲಿಯೇ ಪುಟಾಣಿ ಹುರಿಯುವವರು ಈ ಅವಕಾಶವನ್ನು ತಪ್ಪದೆ ಬಳಸಿಕೊಳ್ಳಬೇಕು. ಸಾಧ್ಯವಾದರೆ ಶೇಂಗಾ ಇಲ್ಲದ ಸರಕನ್ನು ದಿನದ ಮೊದಲಿಗೆ ತಯಾರಿಸಿ, ಶೇಂಗಾದ ಕೆಲಸವನ್ನು ಕೊನೆಗೆ ಇಟ್ಟುಕೊಂಡು ಯಂತ್ರವನ್ನು ತೊಳೆಯುವುದು ಇನ್ನೂ ಲೇಸು.

ಎಣ್ಣೆಗೆ ಈ ಘೋಷಣೆಯಿಂದ ವಿನಾಯಿತಿಯುಂಟು. ಆದರೆ ರಿಫೈನ್ಡ್ ಎಣ್ಣೆಯಲ್ಲಿ ಪ್ರೋಟೀನ್ ಬಹುಪಾಲು ಹೋಗಿರುತ್ತದೆ. ಗಾಣದ ಎಣ್ಣೆಯಲ್ಲಿ ಉಳಿದಿರಬಹುದು. ಆದುದರಿಂದ ತಿನಿಸು ಕರಿಯಲು ಗಾಣದ ಶೇಂಗಾ ಎಣ್ಣೆ ಬಳಸಿದ್ದರೆ ಹಾಗೆಯೇ ಬರೆಯುವುದು ಪ್ರಾಮಾಣಿಕ ಕ್ರಮ.

ಹೆಸರಿನ ಗೊಂದಲವೂ ಗಮನಾರ್ಹ. ‘ಕಡಲೆ’ ಎಂದಷ್ಟೇ ಮುದ್ರಿಸಿದರೆ ಅದು ಕಡಲೆಕಾಳೋ, ಪುಟಾಣಿಯೋ, ಕಡಲೆಕಾಯಿಯೋ ತಿಳಿಯದು. ನೆರೆಯ ರಾಯದುರ್ಗ, ಅನಂತಪುರಗಳ ಗ್ರಾಹಕರಿಗೆ ‘ಶೆನಗ’ ಎಂದರೆ ಕಡಲೆ, ‘ವೇರುಶೆನಗ’ ಎಂದರೆ ಶೇಂಗಾ. ನಿಯಮದಂತೆ ಇಂಗ್ಲಿಷಿನಲ್ಲಿ ಅಥವಾ ಹಿಂದಿಯಲ್ಲಿ ವಿವರ ನೀಡಿ, ಜೊತೆಗೆ ಕನ್ನಡದಲ್ಲಿ ‘ಶೇಂಗಾ (ಕಡಲೆಕಾಯಿ) ಒಳಗೊಂಡಿದೆ’ ಎಂದು ದಪ್ಪಕ್ಷರಗಳಲ್ಲಿ ಮುದ್ರಿಸುವುದು ಸೂಕ್ತ.

ಇಂತಹ ಬರಹದಿಂದ ವ್ಯಾಪಾರ ಕುಗ್ಗೀತೆಂಬ ಶಂಕೆ ಕೆಲವರಲ್ಲಿರಬಹುದು. ವಾಸ್ತವದಲ್ಲಿ ಅಲರ್ಜಿ ಇರುವವರು ಈ ಸಾಲನ್ನು ಓದಿ ದೂರ ಉಳಿಯುತ್ತಾರೆ. ಉಳಿದ ಗ್ರಾಹಕರು ನಿಶ್ಚಿಂತೆಯಿಂದ ಕೊಳ್ಳುತ್ತಾರೆ. ಅಮೆರಿಕದಲ್ಲಿ 2006ರಿಂದಲೇ ಪೊಟ್ಟಣದ ಆಹಾರಕ್ಕೆ ಇಂತಹ ಘೋಷಣೆ ಕಡ್ಡಾಯವಾಗಿದ್ದು, ಹೊರದೇಶಕ್ಕೆ ಸರಕು ಕಳುಹಿಸಬಯಸುವವರಿಗೆ ಇದಿಲ್ಲದೆ ದಾರಿಯಿಲ್ಲ. ಮುಂದಿನ ಬಾರಿ ಲೇಬಲ್ ಅಚ್ಚಿಗೆ ಕೊಡುವ ಮುನ್ನ ಸದಸ್ಯರೆಲ್ಲರೂ ತಮ್ಮ ಪೊಟ್ಟಣವನ್ನು ಒಮ್ಮೆ ಈ ದೃಷ್ಟಿಯಿಂದ ಪರಿಶೀಲಿಸಬೇಕೆಂಬುದು ನಮ್ಮ ಮನವಿ. ಆ ಒಂದು ಸಾಲಿಗೆ ತಗಲುವ ಖರ್ಚು ಅಲ್ಪ. ಅದು ಕಾಯುವುದು ಒಂದು ಜೀವವನ್ನು.