ಮುಖ ಮುಚ್ಚಿಕೊಳ್ಳೋದು ಅವಳೇ ಯಾಕೆ?

‘ಲಾಡ್ಜ್ ಮೇಲೆ ದಾಳಿ, ಮಹಿಳೆಯರ ರಕ್ಷಣೆ.’ ಮೊಬೈಲ್‌ನಲ್ಲಿ ಇಂಥ ಸುದ್ದಿ ಬಂದಾಗಲೆಲ್ಲ ನಾನು ಫೋಟೋ ನೋಡ್ತೀನಿ. ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಕೂತಿರೋದು ಹೆಣ್ಣುಮಕ್ಕಳು. ದುಡ್ಡು ಕೊಟ್ಟು ಬಂದವನು ಕಾಣೋದೇ ಇಲ್ಲ. ಕಾಮೆಂಟ್‌ಗಳಲ್ಲಿ ಬೈಗುಳವೂ ಅವಳಿಗೇ.

ಈ ತಾರತಮ್ಯ ಕಾನೂನಿನಲ್ಲೂ ಇದೆ. 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆಯ 8ನೇ ಸೆಕ್ಷನ್ ನೋಡಿ. ಸಾರ್ವಜನಿಕ ಜಾಗದಲ್ಲಿ ಗಿರಾಕಿ ಕರೆದರೆ ಹೆಣ್ಣಿಗೆ ಮೊದಲ ಸಲವೇ 6 ತಿಂಗಳವರೆಗೆ ಜೈಲು. ಅದೇ ಅಪರಾಧ ಗಂಡಸು ಮಾಡಿದರೆ 7 ದಿನದಿಂದ 3 ತಿಂಗಳು, ಅಷ್ಟೇ!

ಬದಲಾವಣೆ ಆಗಿಲ್ಲ ಅಂತಲ್ಲ. ಕಳ್ಳಸಾಗಣೆಯಾಗಿ ಬಂದವಳು ಅಂತ ಗೊತ್ತಿದ್ದೂ ಲೈಂಗಿಕವಾಗಿ ಬಳಸಿಕೊಂಡವನಿಗೆ 2013ರ ತಿದ್ದುಪಡಿ ಶಿಕ್ಷೆ ತಂದಿತು. ದಾಳಿಯಲ್ಲಿ ಸಿಕ್ಕವರ ಗುರುತು ಬಯಲು ಮಾಡಬಾರದು, ಅವರನ್ನು ಘನತೆಯಿಂದ ನಡೆಸಿಕೊಳ್ಳಬೇಕು ಅಂತ 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಆದರೆ ‘ಅವಳು ಯಾಕೆ ಹೋದಳು’ ಅಂತ ಕೇಳೋ ನಮ್ಮ ಬಾಯಿಗೆ ಯಾವ ತಿದ್ದುಪಡಿ? ಕೆಲಸದ ಆಸೆ ತೋರಿಸಿ ಕರೆತಂದವನು ಯಾರು, ದುಡ್ಡು ಎಣಿಸಿದವನು ಯಾರು ಅಂತ ಕೇಳೋಣ. ಮುಂದಿನ ಸಲ ಅಂಥ ಫೋಟೋ ನಿಮ್ಮ ಗ್ರೂಪ್‌ಗೆ ಬಂದರೆ, ದಯವಿಟ್ಟು ಫಾರ್ವರ್ಡ್ ಮಾಡಬೇಡಿ.