ಹಳೆಯ ಆಸ್ಪತ್ರೆಯ ನೆಲ: ಶೋಧನೆಯೂ ಪುನರುಪಯೋಗವೂ

೧

ಊರಿನಲ್ಲಿ ಹೊಸದಾಗಿ ಆಸ್ಪತ್ರೆಯೊಂದು ಏರ್ಪಡುವಾಗ ಅಸ್ತಿಭಾರದ ಕಲ್ಲಿನ ಮೇಲೆ ಬರಹವನ್ನು ಕೆತ್ತಿಸುವುದು ವಾಡಿಕೆ. ಯಾವ ವರ್ಷ, ಯಾರ ಕೈಯಿಂದ, ಯಾರ ದ್ರವ್ಯದಿಂದ ಎಂಬುದೆಲ್ಲವೂ ಅದರಲ್ಲಿರುವುದು. ಅದೇ ಆಸ್ಪತ್ರೆಯು ಮುಚ್ಚಿಹೋದ ದಿನಕ್ಕೆ ಶಾಸನವಿಲ್ಲ. ರೋಗಿಗಳು ಹೊರಟುಹೋಗುವರು, ವೈದ್ಯರು ಬೇರೆಡೆಗೆ ವರ್ಗವಾಗುವರು, ಬಾಗಿಲಿಗೆ ಬೀಗ ಬೀಳುವುದು. ಆಮೇಲೆ ಆ ನೆಲವು ಯಾರಿಗೆ ಸೇರತಕ್ಕದ್ದು, ಅದರಲ್ಲಿ ಏನೇನು ಉಳಿದುಕೊಂಡಿದೆ, ಅದನ್ನು ಯಾವುದಕ್ಕೆ ಉಪಯೋಗಿಸಬೇಕು ಎಂಬ ಪ್ರಶ್ನೆಗಳು ಊರಿನ ಪೌರಸಭೆಯ ಮುಂದೆ ಬಂದು ನಿಲ್ಲುವುವು. ಈ ಪ್ರಶ್ನೆಗಳಿಗೆ ಉತ್ತರವನ್ನು ಹುಡುಕುವ ಕ್ರಮವೇನೆಂಬುದನ್ನು ಒಂದು ನಿದರ್ಶನದ ಮೂಲಕ ವಿವರಿಸುವುದೇ ಈ ಲೇಖನದ ಉದ್ದೇಶ.

ವಿದ್ವತ್ಪತ್ರಿಕೆಯಲ್ಲಿ ಪುರರಚನೆಯ ವಿಚಾರವೇಕೆಂದು ವಾಚಕರು ಶಂಕಿಸಬಹುದು. ಆದರೆ ಶಿಥಿಲವಾದ ಓಲೆಗಳನ್ನು ಬಿಡಿಸಿ, ಪಾಠಗಳನ್ನು ಹೋಲಿಸಿ, ಯಾವುದು ಮೂಲ, ಯಾವುದು ಪ್ರಕ್ಷಿಪ್ತ ಎಂದು ನಿರ್ಣಯಿಸುವ ಅಭ್ಯಾಸವುಳ್ಳವರಿಗೆ ಈ ಕೆಲಸವು ಅಷ್ಟೇನೂ ಅಪರಿಚಿತವಲ್ಲವೆಂಬುದು ಮುಂದೆ ತಾನಾಗಿಯೇ ತಿಳಿದುಬರುವುದು.

೨

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಒಂದಾದ ಮಿಷಿಗನ್ನಿನ ಉತ್ತರಭಾಗದಲ್ಲಿ, ಮಿಷಿಗನ್ ಸರೋವರದ ಕೊಲ್ಲಿಯೊಂದರ ತುದಿಯಲ್ಲಿ, ಟ್ರಾವರ್ಸ್ ಸಿಟಿ ಎಂಬ ಪಟ್ಟಣವಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ಮರದ ವ್ಯಾಪಾರದಿಂದ ಬೆಳೆದ ಊರು. ಅಲ್ಲಿನ ಮರದ ವರ್ತಕರಲ್ಲಿ ಅಗ್ರಗಣ್ಯನಾಗಿದ್ದ ಪೆರಿ ಹ್ಯಾನಾ ಎಂಬಾತನು ತನ್ನ ಪ್ರಭಾವವನ್ನುಪಯೋಗಿಸಿ, ಸಂಸ್ಥಾನದ ಹೊಸ ಮಾನಸಿಕ ಆಸ್ಪತ್ರೆಯು ಈ ಊರಿಗೇ ಬರುವಂತೆ ಮಾಡಿದನು. ೧೮೮೧ರಲ್ಲಿ ಮಂಜೂರಾದ ಸಂಸ್ಥೆಯು ೧೮೮೫ರಲ್ಲಿ ೪೩ ಮಂದಿ ರೋಗಿಗಳೊಡನೆ ಪ್ರಾರಂಭವಾಯಿತು.

ಇದರ ಕಟ್ಟಡಕ್ಕೆ ಆಧಾರವಾದುದು ಫಿಲಡೆಲ್ಫಿಯದ ವೈದ್ಯನಾದ ತಾಮಸ್ ಸ್ಟೋರಿ ಕರ್ಕ್‌ಬ್ರೈಡನ (೧೮೦೯-೧೮೮೩) ಸಿದ್ಧಾಂತ. ಅವನು ೧೮೫೪ರಲ್ಲಿ ಮಾನಸಿಕ ಆಸ್ಪತ್ರೆಗಳ ನಿರ್ಮಾಣವನ್ನು ಕುರಿತು ಗ್ರಂಥವೊಂದನ್ನು ಪ್ರಕಟಿಸಿ, ಕಟ್ಟಡವೇ ಚಿಕಿತ್ಸೆಯ ಒಂದು ಅಂಗವೆಂದು ಸಾಧಿಸಿದನು. ನಡುವೆ ಆಡಳಿತಭವನ, ಅದರ ಎರಡು ಪಾರ್ಶ್ವಗಳಲ್ಲಿಯೂ ಒಂದರ ಹಿಂದೊಂದು ಸರಿದು ನಿಂತ ಸಾಲುಗಳು, ಪ್ರತಿಯೊಂದು ಕೊಠಡಿಗೂ ಬೆಳಕು, ಗಾಳಿ, ಮರಗಳ ನೋಟ. ಟ್ರಾವರ್ಸ್ ಸಿಟಿಯ ಮುಖ್ಯ ಭವನವು ಈ ಕ್ರಮದಲ್ಲಿ ಹಳದಿ ಛಾಯೆಯ ಇಟ್ಟಿಗೆಯಿಂದ ಕಟ್ಟಲ್ಪಟ್ಟು, ಸುಮಾರು ಕಾಲು ಮೈಲಿ ಉದ್ದಕ್ಕೆ ಚಾಚಿಕೊಂಡಿದೆ. ಆ ಮೊದಲಿನ ಅಧೀಕ್ಷಕನಾಗಿ ೧೮೮೫ರಿಂದ ೧೯೨೪ರ ವರೆಗೆ ಕೆಲಸ ಮಾಡಿದ ಡಾಕ್ಟರ್ ಜೇಮ್ಸ್ ಡೆಕರ್ ಮನ್ಸನ್ ಎಂಬವನು ಸೌಂದರ್ಯವೇ ಔಷಧವೆಂಬ ತತ್ತ್ವದಲ್ಲಿ ನಂಬಿಕೆಯುಳ್ಳವನಾಗಿ, ಆವರಣದಲ್ಲಿ ನಾನಾ ಜಾತಿಯ ಮರಗಳನ್ನು ನೆಡಿಸಿದನು. ಹೊಲ, ತೋಟ, ದನದ ಕೊಟ್ಟಿಗೆಗಳೂ ಇದ್ದುವು; ರೋಗಿಗಳು ಅವುಗಳಲ್ಲಿ ದುಡಿಯುತ್ತಿದ್ದರು.

ಸಂಸ್ಥೆಯ ಹೆಸರಿನ ಚರಿತ್ರೆಯೂ ಗಮನಾರ್ಹವಾದುದು. ಮೊದಲು ಅದು ‘ಅಸೈಲಮ್’, ಎಂದರೆ ಆಶ್ರಯಸ್ಥಾನ. ೧೯೧೧ರಲ್ಲಿ ಸರಕಾರಿ ಆಸ್ಪತ್ರೆ. ೧೯೭೮ರಲ್ಲಿ ಪ್ರಾದೇಶಿಕ ಮನೋರೋಗ ಚಿಕಿತ್ಸಾಲಯ. ನಮ್ಮಲ್ಲಿ ‘ಹುಚ್ಚಾಸ್ಪತ್ರೆ’ಯು ‘ಮಾನಸಿಕ ಆಸ್ಪತ್ರೆ’ಯಾದುದನ್ನು ಬಲ್ಲವರಿಗೆ ಈ ಪರಿವರ್ತನೆಯ ಅರ್ಥವನ್ನು ವಿವರಿಸಬೇಕಾಗಿಲ್ಲ. ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ರೋಗಿಗಳ ಸಂಖ್ಯೆಯು ಮೂರು ಸಾವಿರಕ್ಕೆ ಸಮೀಪವಾಗಿತ್ತು. ಆಮೇಲೆ ಹೊಸ ಔಷಧಗಳು ಬಂದುವು. ರೋಗಿಗಳನ್ನು ದೊಡ್ಡ ಆಸ್ಪತ್ರೆಗಳಲ್ಲಿ ಕೂಡಿಡುವ ಬದಲು ಅವರವರ ಊರುಗಳಲ್ಲಿಯೇ ಉಪಚರಿಸಬೇಕೆಂಬ ಅಭಿಪ್ರಾಯವು ಬಲವಾಯಿತು. ಸಂಸ್ಥಾನದ ಬೊಕ್ಕಸವೂ ವೆಚ್ಚಕ್ಕೆ ಹಿಂಜರಿಯಿತು. ೧೯೮೯ರಲ್ಲಿ ಆಸ್ಪತ್ರೆಯು ಮುಚ್ಚಲ್ಪಟ್ಟಿತು.

೩

ಇನ್ನು ನೆಲದ ವಿಚಾರ. ಹೀಗೆ ತೊರೆಯಲ್ಪಟ್ಟ ನಿವೇಶನಗಳಿಗೆ ಅಮೆರಿಕದಲ್ಲಿ ‘ಬ್ರೌನ್‌ಫೀಲ್ಡ್’ ಎಂಬ ಪಾರಿಭಾಷಿಕ ಪದವು ಬಳಕೆಯಲ್ಲಿದೆ. ೨೦೦೨ರ ಕಾನೂನು ಕೊಡುವ ಲಕ್ಷಣದ ಸಾರಾಂಶವೇನೆಂದರೆ, ಅಪಾಯಕರವಾದ ಪದಾರ್ಥವು ಇರುವುದರಿಂದಾಗಲಿ, ಇರಬಹುದೆಂಬ ಶಂಕೆಯಿಂದಾಗಲಿ ಯಾವ ನೆಲದ ಪುನರುಪಯೋಗಕ್ಕೆ ತೊಡಕುಂಟಾಗುವುದೋ ಅದು ಬ್ರೌನ್‌ಫೀಲ್ಡ್. ಇದಕ್ಕೆ ಕನ್ನಡದಲ್ಲಿ ಯಾವ ಪದವನ್ನು ಹೇಳೋಣ? ಬೀಳು ಎಂದರೆ ಉಳದೆ ಬಿಟ್ಟ ಹೊಲ. ಬಂಜರು ಎಂದರೆ ಬೆಳೆಗೆ ಒದಗದ ನೆಲ. ಹಾಳು ಎಂದರೆ ಜನರು ಬಿಟ್ಟುಹೋದ ಸ್ಥಳ. ಇವುಗಳಲ್ಲಿ ಒಂದಾದರೂ ಹಿಂದಿನ ಉಪಯೋಗದಿಂದಲೇ ಕೆಟ್ಟ ನೆಲವೆಂಬ ಅರ್ಥವನ್ನು ಕೊಡುವುದಿಲ್ಲ. ಮೈಲಿಗೆಯೆಂಬ ಮಾತು ಹತ್ತಿರ ಬಂದರೂ ಅದಕ್ಕೆ ಅಂಟಿರುವ ಸಾಮಾಜಿಕ ಅನ್ಯಾಯದ ನೆನಪು ಅದನ್ನು ಬಳಸಲು ಬಿಡದು. ಮೇಲಾಗಿ ಮೈಲಿಗೆಯು ವಿಧಿಯಿಂದ ಹೋಗುವುದೆಂದು ನಂಬಿಕೆ, ಈ ದೋಷವಾದರೋ ಅಳತೆಯಿಂದ ಮಾತ್ರ ಹೋಗತಕ್ಕದ್ದು. ಆದುದರಿಂದ ‘ಸದೋಷ ನಿವೇಶನ’ ಎಂದು ಇಲ್ಲಿ ಕರೆಯಲಾಗಿದೆ.

ಮೇಲಿನ ಲಕ್ಷಣದಲ್ಲಿ ‘ಶಂಕೆ’ ಎಂಬ ಮಾತೇ ಪ್ರಧಾನವಾದುದು. ವಿಷವಿದೆಯೆಂದು ಸಿದ್ಧವಾದರೆ ಅದನ್ನು ತೆಗೆಯುವ ವೆಚ್ಚವನ್ನು ಲೆಕ್ಕ ಹಾಕಬಹುದು. ಇಲ್ಲವೆಂದು ಸಿದ್ಧವಾದರೆ ನೆಲವನ್ನು ಮಾರಬಹುದು. ಎರಡೂ ಗೊತ್ತಿಲ್ಲದಿರುವಾಗ ಕೊಳ್ಳುವವನೂ ಬಾರನು, ಸಾಲ ಕೊಡುವವನೂ ಬಾರನು. ಅಷ್ಟರಲ್ಲಿ ಮಾಡು ಸೋರಿ, ಗೋಡೆ ಕುಸಿದು, ಮೊದಲಿದ್ದ ವೆಚ್ಚವು ಇಮ್ಮಡಿಯಾಗುವುದು. ಆದಕಾರಣ ಸ್ಥಳೀಯ ಸರಕಾರದ ಮೊದಲನೆಯ ಕರ್ತವ್ಯವು ಶಂಕೆಯನ್ನು ಜ್ಞಾನವನ್ನಾಗಿ ಮಾರ್ಪಡಿಸುವುದು.

ಅದಕ್ಕೆ ಎರಡು ಮೆಟ್ಟಲುಗಳುಂಟು. ಮೊದಲನೆಯದರಲ್ಲಿ ಮಣ್ಣನ್ನು ಮುಟ್ಟುವುದೇ ಇಲ್ಲ. ಹಳೆಯ ನಕ್ಷೆಗಳು, ವಿಮಾನದಿಂದ ತೆಗೆದ ಚಿತ್ರಗಳು, ಅಗ್ನಿವಿಮೆಯವರ ಪಟಗಳು, ಸರಕು ತರಿಸಿದ ಲೆಕ್ಕದ ಪುಸ್ತಕಗಳು, ಹಳೆಯ ನೌಕರರ ಹೇಳಿಕೆಗಳು, ಇವನ್ನೆಲ್ಲ ಕೂಡಿಸಿ ಯಾವ ಕಾಲದಲ್ಲಿ ಯಾವ ಮೂಲೆಯಲ್ಲಿ ಏನು ನಡೆಯುತ್ತಿತ್ತೆಂದು ನಿಶ್ಚಯಿಸುವರು. ಇದು ಗ್ರಂಥಸಂಪಾದಕನ ಕೆಲಸಕ್ಕೆ ಸಮಾನವಾದುದು. ಒಂದು ನಕ್ಷೆಯಲ್ಲಿ ಅಗಸರ ಶಾಲೆಯೆಂದಿರುವ ಕಟ್ಟಡವು ಮತ್ತೊಂದರಲ್ಲಿ ಉಗ್ರಾಣವೆಂದಿರಬಹುದು. ಎರಡು ಪಾಠಗಳೂ ತಮ್ಮ ತಮ್ಮ ಕಾಲಕ್ಕೆ ಸತ್ಯವಾಗಿರಬಹುದು. ಎರಡನೆಯ ಮೆಟ್ಟಲಿನಲ್ಲಿ, ಸಂಶಯವಿರುವ ಸ್ಥಳಗಳಲ್ಲಿ ಕೊರೆದು, ಮಣ್ಣು ಮತ್ತು ಅಂತರ್ಜಲಗಳ ಮಾದರಿಗಳನ್ನು ತೆಗೆದು ಪರೀಕ್ಷಿಸುವರು. ಮೊದಲನೆಯದು ಸರಿಯಾಗಿ ನಡೆಯದಿದ್ದರೆ ಎರಡನೆಯದು ಕುರುಡನ ಬೇಟೆಯಾಗುವುದು.

ಆಸ್ಪತ್ರೆಯ ನೆಲದಲ್ಲಿ ಏನು ಸಿಕ್ಕೀತು? ರೋಗಾಣುಗಳ ಭಯವು ಜನರಲ್ಲಿ ಹೆಚ್ಚು; ವಾಸ್ತವವಾಗಿ ಬಹುಪಾಲು ರೋಗಾಣುಗಳು ಖಾಲಿ ಕಟ್ಟಡದಲ್ಲಿ ಬಹುಕಾಲ ಬದುಕಲಾರವು. ಉಳಿಯುವುದು ನಿರ್ಜೀವವಾದ ವಿಷ. ಉಗಿಯ ಕೊಳವೆಗಳಿಗೆ ಸುತ್ತಿದ ಕಲ್ನಾರು ಅದರಲ್ಲಿ ಮೊದಲನೆಯದು. ಕಲ್ನಾರು ಸುಸ್ಥಿತಿಯಲ್ಲಿದ್ದಷ್ಟು ದಿನ ಅಪಾಯವು ಕಡಮೆ. ಪುಡಿಯಾಗಿ ಗಾಳಿಯಲ್ಲಿ ತೇಲಿದಾಗ ಅದರ ಎಳೆಗಳು ಶ್ವಾಸಕೋಶವನ್ನು ಸೇರಿ, ಹತ್ತಾರು ವರ್ಷಗಳ ಮೇಲೆ ಮಾರಕವಾದ ರೋಗವನ್ನುಂಟುಮಾಡುವುವು. ಹೀಗಾಗಿ ಕಟ್ಟಡವನ್ನು ಒಡೆಯುವುದಾದರೂ ಉಳಿಸುವುದಾದರೂ ಮೊದಲು ಕಲ್ನಾರನ್ನು ಒದ್ದೆಮಾಡಿ, ಸುತ್ತಲೂ ಮುಚ್ಚಿ, ತಜ್ಞರಿಂದ ತೆಗೆಸಬೇಕಾಗುವುದು. ಎರಡನೆಯದು ಹಳೆಯ ಬಣ್ಣದಲ್ಲಿರುವ ಸೀಸ. ಇದು ವಿಶೇಷವಾಗಿ ಮಕ್ಕಳ ಬುದ್ಧಿಗೆ ಹಾನಿಕರ. ಒಲೆಮನೆಯ ಕಲ್ಲಿದ್ದಲ ಬೂದಿ, ನೆಲದೊಳಗಣ ಎಣ್ಣೆಯ ತೊಟ್ಟಿಗಳು, ಒಡೆದ ಉಪಕರಣಗಳಿಂದ ಹಲಗೆಗಳ ಸಂದಿಗೆ ಇಳಿದ ಪಾದರಸ, ಬಟ್ಟೆಯನ್ನು ಶುಭ್ರಗೊಳಿಸಲು ಬಳಸಿದ ದ್ರಾವಕಗಳು, ಇವು ಇತರ ದೋಷಗಳು. ಆಸ್ಪತ್ರೆಗೆ ಹಣ್ಣಿನ ತೋಟವಿದ್ದರೆ ಇನ್ನೊಂದನ್ನು ನೋಡಬೇಕು: ಕಳೆದ ಶತಮಾನದ ಪೂರ್ವಾರ್ಧದಲ್ಲಿ ಅಮೆರಿಕದ ತೋಟಗಾರರು ಸೀಸವೂ ಪಾಷಾಣವೂ ಸೇರಿದ ಕೀಟನಾಶಕವನ್ನು ಧಾರಾಳವಾಗಿ ಸಿಂಪಡಿಸುತ್ತಿದ್ದರು, ಅದು ಮಣ್ಣಿನಿಂದ ಸುಲಭವಾಗಿ ಹೋಗತಕ್ಕದ್ದಲ್ಲ.

ಎಷ್ಟು ಶುದ್ಧವಾದರೆ ಸಾಕು ಎಂಬ ಪ್ರಶ್ನೆಗೆ ಉತ್ತರವು ಮುಂದಿನ ಉಪಯೋಗವನ್ನು ಅವಲಂಬಿಸಿದೆ. ಮಕ್ಕಳು ಮಣ್ಣಿನಲ್ಲಿ ಆಡುವ ಮನೆಯಂಗಳಕ್ಕೆ ಬೇಕಾದ ಶುದ್ಧಿಯು ಕಲ್ಲು ಹಾಸಿದ ಗಾಡಿಯ ನಿಲ್ದಾಣಕ್ಕೆ ಬೇಕಾಗಿಲ್ಲ. ಹೀಗಿರುವುದರಿಂದ ಶೋಧನೆ ಮೊದಲು, ಯೋಜನೆ ಆಮೇಲೆ ಎಂಬ ವಿಭಾಗವು ಸಲ್ಲದು. ಎರಡನ್ನೂ ಒಟ್ಟಿಗೆ ಆಲೋಚಿಸಬೇಕು.

೪

ಟ್ರಾವರ್ಸ್ ಸಿಟಿಯಲ್ಲಿ ಆಲೋಚನೆಗೆ ಹತ್ತು ವರ್ಷಕ್ಕಿಂತಲೂ ಹೆಚ್ಚು ಹಿಡಿಯಿತು. ಆಸ್ಪತ್ರೆಯ ಆವರಣವು ಅರ್ಧ ಪಟ್ಟಣದ ಎಲ್ಲೆಯಲ್ಲಿ, ಅರ್ಧ ಪಕ್ಕದ ಗಾರ್‌ಫೀಲ್ಡ್ ಎಂಬ ಗ್ರಾಮಾಂತರ ಪೌರಾಡಳಿತದ ಎಲ್ಲೆಯಲ್ಲಿ ಇದ್ದಿತು. ಮುಖ್ಯ ಭವನದ ನಡುಭಾಗವನ್ನು ೧೯೬೩ರಲ್ಲಿಯೇ ಕೆಡವಲಾಗಿತ್ತು. ಉಳಿದುದಕ್ಕೂ ಅದೇ ಗತಿಯೆಂಬ ಮಾತು ಕೇಳಿಬರುತ್ತಿತ್ತು. ಮತ್ತೊಂದು ಕಡೆ, ಆ ಭವನವು ೧೯೭೮ರಲ್ಲಿಯೇ ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿದ್ದಿತು. ಅದನ್ನು ಉಳಿಸಬೇಕೆನ್ನುವ ನಾಗರಿಕರೂ ಇದ್ದರು. ಕಡೆಗೆ ಎರಡು ಸ್ಥಳೀಯ ಸರಕಾರಗಳೂ ಜಂಟಿಯಾಗಿ ಯೋಜನಾ ಮಂಡಳಿಯನ್ನು ಏರ್ಪಡಿಸಿಕೊಂಡುವು. ೨೦೦೦ದ ಸುಮಾರಿಗೆ ರೇಮಂಡ್ ಮಿನರ್ವಿನಿ ಎಂಬ ಕಟ್ಟಡಗಾರನೊಡನೆ ಒಪ್ಪಂದವಾಯಿತು. ಆತನು ಕಾಲು ಮೈಲಿಯ ಭವನವನ್ನು ಒಮ್ಮೆಲೇ ಎತ್ತಿಕೊಳ್ಳದೆ, ಮೊದಲು ಮಾಡನ್ನು ಭದ್ರಪಡಿಸಿ, ಒಂದೊಂದು ಭಾಗವನ್ನು ಶೋಧಿಸಿ, ಬಾಡಿಗೆಗೆ ಕೊಟ್ಟು ಅಥವಾ ಮಾರಿ, ಮುಂದಿನ ಭಾಗಕ್ಕೆ ಕೈಯಿಕ್ಕುತ್ತ ಬಂದನು. ಈಗ ಅಲ್ಲಿ ವಾಸದ ಮನೆಗಳು, ಕಚೇರಿಗಳು, ಅಂಗಡಿಗಳು, ಊಟದ ಮನೆಗಳು ಇವೆ. ದನದ ಕೊಟ್ಟಿಗೆಗಳಿದ್ದ ಭಾಗವನ್ನು ಎರಡೂ ಪೌರಾಡಳಿತಗಳು ಕೂಡಿ ಸಾರ್ವಜನಿಕ ಉದ್ಯಾನವನ್ನಾಗಿ ಮಾಡಿಕೊಂಡಿವೆ.

ಇಷ್ಟಕ್ಕೆಲ್ಲ ಹಣವೆಲ್ಲಿಂದ? ಮಿಷಿಗನ್ ಸಂಸ್ಥಾನದ ೧೯೯೬ರ ಕಾನೂನು ಸದೋಷ ನಿವೇಶನಗಳಿಗೆ ಒಂದು ಉಪಾಯವನ್ನು ಒದಗಿಸಿದೆ. ಅದನ್ನು ಕಲ್ಪಿತವಾದ ಒಂದು ಲೆಕ್ಕದಿಂದ ತಿಳಿಯಬಹುದು. ಹಾಳುಬಿದ್ದ ನಿವೇಶನವೊಂದರಿಂದ ವರ್ಷಕ್ಕೆ ನೂರು ರೂಪಾಯಿ ತೆರಿಗೆ ಬರುತ್ತಿದೆಯೆನ್ನೋಣ. ಶೋಧಿಸಿ ಕಟ್ಟಿದ ಮೇಲೆ ಸಾವಿರ ರೂಪಾಯಿ ಬರುವುದು. ಮೊದಲಿನ ನೂರು ಎಂದಿನಂತೆ ಬೊಕ್ಕಸಕ್ಕೆ. ಹೆಚ್ಚಾದ ಒಂಬೈನೂರು, ಗೊತ್ತಾದ ಅವಧಿಯ ವರೆಗೆ, ಶೋಧನೆಗಾಗಿ ಮುಂಗಡವಾಗಿ ವೆಚ್ಚ ಮಾಡಿದವರಿಗೆ ಮರುಪಾವತಿಯಾಗುವುದು. ಅವಧಿ ತೀರಿದ ಮೇಲೆ ಪೂರ್ತಿ ಸಾವಿರವೂ ಊರಿನದು. ನೆಲವು ತನ್ನ ಔಷಧದ ವೆಚ್ಚವನ್ನು ತಾನು ಗುಣವಾದ ಮೇಲೆ ತಾನೇ ತೀರಿಸುವುದೆಂದು ಹೇಳಬಹುದು. ಇದಲ್ಲದೆ, ಐತಿಹಾಸಿಕ ಪಟ್ಟಿಗೆ ಸೇರಿದ ಕಟ್ಟಡವನ್ನು ಮೂಲರೂಪಕ್ಕೆ ಭಂಗವಿಲ್ಲದೆ ಜೀರ್ಣೋದ್ಧಾರ ಮಾಡಿ ಆದಾಯಕ್ಕೆ ಒದಗಿಸಿದವರಿಗೆ, ಅದಕ್ಕಾದ ವೆಚ್ಚದಲ್ಲಿ ನೂರಕ್ಕೆ ೨೦ರಷ್ಟನ್ನು ಕೇಂದ್ರ ಸರಕಾರವು ಆದಾಯತೆರಿಗೆಯಲ್ಲಿ ಬಿಡುವುದು.

ಈ ಉಪಾಯದಲ್ಲಿ ಒಂದು ತೊಡಕೂ ಉಂಟು. ತೆರಿಗೆಯ ಹೆಚ್ಚಳದಿಂದ ಸಾಲ ತೀರಬೇಕಾದರೆ ನೆಲದ ಬೆಲೆಯು ಏರಲೇಬೇಕು. ಬೆಲೆಯೇರಿದ ಸ್ಥಳದಲ್ಲಿ ಬಡವನಿಗೆ ಎಡೆ ಸಿಕ್ಕುವುದು ಕಷ್ಟ. ಯಾವ ಮರಗಳ ನೆರಳನ್ನು ದೀನರಾದ ರೋಗಿಗಳಿಗೆ ಔಷಧವೆಂದು ನೆಟ್ಟರೋ ಆ ನೆರಳೇ ಈಗ ಮನೆಯ ಕ್ರಯಕ್ಕೆ ಕಾರಣವಾಗುವುದು. ಸಾರ್ವಜನಿಕರ ಹಣದಿಂದ ಬೆಳೆದ ನೆಲದಲ್ಲಿ ಸಾರ್ವಜನಿಕರ ಭಾಗವೆಷ್ಟೆಂಬುದನ್ನು ಒಪ್ಪಂದಕ್ಕೆ ಸಹಿ ಬೀಳುವ ಮೊದಲೇ ಬರೆದಿಡದಿದ್ದರೆ, ಆಮೇಲೆ ಬರೆಯುವುದಕ್ಕೆ ಸ್ಥಳವಿರುವುದಿಲ್ಲ.

೫

ಮಣ್ಣಿನ ದೋಷವನ್ನು ತೆಗೆದ ಮೇಲೆಯೂ ಒಂದು ಋಣವು ಉಳಿಯುವುದು. ಅದನ್ನು ಇನ್ನೊಂದು ಊರಿನ ನಿದರ್ಶನದಿಂದ ತಿಳಿಯಬಹುದು. ವಿಯೆನ್ನಾ ನಗರದಲ್ಲಿ ಚಕ್ರವರ್ತಿ ಎರಡನೆಯ ಜೋಸೆಫನು ೧೭೮೪ರಲ್ಲಿ ಸ್ಥಾಪಿಸಿದ ಮಹಾ ಆಸ್ಪತ್ರೆಯ ಹಳೆಯ ಕಟ್ಟಡಗಳನ್ನು ಅಲ್ಲಿಯ ನಗರಾಡಳಿತವು ೧೯೮೮ರಲ್ಲಿ ವಿಶ್ವವಿದ್ಯಾನಿಲಯಕ್ಕೆ ದಾನ ಮಾಡಿತು. ಹತ್ತು ವರ್ಷಗಳ ಮೇಲೆ ಅದು ವಿದ್ಯಾವಸತಿಯಾಗಿ ತೆರೆಯಲ್ಪಟ್ಟಿತು. ಭಾರತೀಯ ಭಾಷೆ, ದರ್ಶನ, ಸಾಹಿತ್ಯಗಳ ಅಧ್ಯಯನ ವಿಭಾಗವೂ ಅದರ ಒಂದು ಅಂಗಳದಲ್ಲಿದೆ. ಅದೇ ಆವರಣದಲ್ಲಿ ಯೆಹೂದ್ಯ ರೋಗಿಗಳಿಗಾಗಿ ೧೯೦೩ರಲ್ಲಿ ಕಟ್ಟಿದ ಚಿಕ್ಕ ಪ್ರಾರ್ಥನಾಮಂದಿರವೊಂದಿತ್ತು. ೧೯೩೮ರಲ್ಲಿ ಅದು ಧ್ವಂಸಕ್ಕೆ ಗುರಿಯಾಯಿತು. ಯುದ್ಧಾನಂತರ ಅದನ್ನು ವಿದ್ಯುಚ್ಛಕ್ತಿಯ ಪರಿವರ್ತಕ ಯಂತ್ರಗಳಿಗೆ ಉಪಯೋಗಿಸಿದರು. ಕಟ್ಟಡವು ವ್ಯರ್ಥವಾಗಿರಲಿಲ್ಲ, ಲೆಕ್ಕದ ದೃಷ್ಟಿಯಿಂದ ಅದೂ ಪುನರುಪಯೋಗವೇ. ಆದರೆ ಅದು ಏನಾಗಿತ್ತೆಂಬುದು ಮರೆತುಹೋಯಿತು. ಆ ಸ್ಥಳವು ಸ್ಮಾರಕವಾಗಿ ಮತ್ತೆ ತೆರೆದುದು ೨೦೦೫ರಲ್ಲಿ.

ಇದರಿಂದ ತಿಳಿಯುವುದೇನೆಂದರೆ, ಶೋಧನೆಯೆಂಬುದು ತೆಗೆದುಹಾಕುವ ಕೆಲಸವಷ್ಟೇ ಆದರೆ ವಿಷದೊಡನೆ ಚರಿತ್ರೆಯೂ ಗುಡಿಸಲ್ಪಡುವುದು. ಯಾವುದನ್ನು ತೆಗೆಯಬೇಕು, ಯಾವುದನ್ನು ಇರಿಸಬೇಕು ಎಂಬ ವಿವೇಚನೆಯು ರಸಾಯನಶಾಸ್ತ್ರಜ್ಞನೊಬ್ಬನಿಂದ ಆಗತಕ್ಕದ್ದಲ್ಲ. ದಾಖಲೆಗಳನ್ನು ಓದಬಲ್ಲವರು, ಹೆಸರುಗಳ ಅರ್ಥವನ್ನು ಬಲ್ಲವರು, ವೃದ್ಧರ ಬಾಯಿಂದ ಕೇಳಿ ಬರೆದುಕೊಳ್ಳಬಲ್ಲವರು ಯೋಜನೆಯ ಮೊದಲ ಸಭೆಯಲ್ಲಿಯೇ ಇರಬೇಕು. ಕಟ್ಟಡಕ್ಕೆ ಬೀಗ ಬಿದ್ದ ವಾರದಲ್ಲಿ ಕಸವೆಂದು ಹೊರಬೀಳುವ ಕಾಗದಗಳಲ್ಲಿಯೇ ನೆಲದ ವಿಷದ ಸುಳಿವೂ ಜನರ ಜೀವನದ ಸುಳಿವೂ ಇರುವುವು.

ಟ್ರಾವರ್ಸ್ ಸಿಟಿಯ ಹಳೆಯ ಕೊಟ್ಟಿಗೆಗಳ ಬಳಿ ಒಂದು ಸಮಾಧಿಶಿಲೆಯಿದೆ. ಅದು ಆಸ್ಪತ್ರೆಯ ಹಸುವಿನದು. ಟ್ರಾವರ್ಸ್ ಕೊಲಾಂತ ವಾಕರ್ ಎಂಬ ಹೆಸರಿನ ಆ ಹಸು ತನ್ನ ಜೀವಮಾನದಲ್ಲಿ ೨,೦೦,೧೧೪ ಪೌಂಡು ಹಾಲನ್ನು ಕೊಟ್ಟು ೧೯೩೨ರಲ್ಲಿ ತೀರಿಹೋಯಿತು. ಹಸುವಿಗೆ ಸಂದ ಗೌರವವು ಯೋಗ್ಯವಾದುದೇ. ಆ ಹೊಲದಲ್ಲಿಯೂ ಕೊಟ್ಟಿಗೆಯಲ್ಲಿಯೂ ದುಡಿದ ರೋಗಿಗಳ ಹೆಸರು ಮಾತ್ರ ಆ ಕಲ್ಲಿನ ಮೇಲಿಲ್ಲ. ಮುಂದೆ ಎಲ್ಲಿಯಾದರೂ ಹಳೆಯ ಆಸ್ಪತ್ರೆಯ ನೆಲವನ್ನು ಕುರಿತು ಪೌರಸಭೆಯವರು ನಕ್ಷೆಯನ್ನು ಹರಡಿಕೊಂಡು ಕುಳಿತಾಗ, ಮಣ್ಣಿನ ಪರೀಕ್ಷೆಯ ಪಟ್ಟಿಯ ಪಕ್ಕದಲ್ಲಿ ಇಂಥವರ ಪಟ್ಟಿಗೂ ಒಂದು ಹಾಳೆಯನ್ನು ಇರಿಸಿಕೊಳ್ಳುವುದು ಉಚಿತವೆಂದು ತೋರುತ್ತದೆ.